ಆಟದಲ್ಲೂ ಒಂಟಿಯಾದ ತಮ್ಮ

ಗುರುತು ಸಿಗಬಾರದೆಂದು ಕೆಲಸ, ಮನೆ, ವಯಸ್ಸಿನ ವಿವರ ಬದಲಿಸಿದ್ದೇನೆ. ಬರೆಯಲು ಅಕ್ಕ-ತಮ್ಮ ಇಬ್ಬರೂ ಒಪ್ಪಿದ್ದಾರೆ.

ನನ್ನ ಬಳಿ ಸಮಾಲೋಚನೆಗೆ ಕರೆದುಕೊಂಡು ಬಂದದ್ದು ಅಕ್ಕ. ತಮ್ಮನಿಗೆ ಇಪ್ಪತ್ತೆಂಟು ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಅಕ್ಕ-ಭಾವನ ಮನೆಯಲ್ಲೇ ವಾಸ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ, ಸಾವಿರಾರು ಜನ ಒಟ್ಟಿಗೆ ಸೇರುವ ಆನ್‌ಲೈನ್ ಆಟ ಆಡುತ್ತಾನೆ. "ಮೊದಲು ಹೆಡ್‌ಫೋನ್ ಹಾಕ್ಕೊಂಡು ಮಾತಾಡ್ತಾ, ನಗ್ತಾ ಆಡ್ತಿದ್ದ ಮೇಡಂ. ಈಗ ತಿಂಗಳುಗಳಿಂದ ತುಟಿ ಬಿಚ್ಚಲ್ಲ. ಅಷ್ಟೊಂದು ಜನ ಇರೋ ಆಟದಲ್ಲೂ ಒಬ್ನೇ ಇರ್ತಾನಂತೆ. ಇದು ಚಟಾನಾ, ಡಿಪ್ರೆಶನ್ನಾ?" ತಮ್ಮ ಕೇಳಿದ್ದು ಒಂದೇ ಮಾತು: "ಒಬ್ನೇ ಆಡಿದ್ರೆ ತಪ್ಪೇನು?"

ಮೊದಲು ಚಟದ ವಿಷಯ ನೋಡಿದೆವು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆಯೂ ಇದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಬದುಕಿಗೆ ಪೆಟ್ಟು ಬಿದ್ದರೂ ಆಟ ಮುಂದುವರಿದಿರಬೇಕು. ಸಾಮಾನ್ಯವಾಗಿ ಇದು 12 ತಿಂಗಳಾದರೂ ಕಾಣಿಸಿರಬೇಕು. ಈತ ಈಗ ರಾತ್ರಿ ಹನ್ನೊಂದಕ್ಕೆ ಆಟ ನಿಲ್ಲಿಸಿ ಮಲಗುತ್ತಾನೆ, ಮನೆಯವರ ಜೊತೆ ಊಟ ಮಾಡುತ್ತಾನೆ, ಕೆಲಸ ತಪ್ಪಿಸುವುದಿಲ್ಲ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ಇರಲಿಲ್ಲ. (ಮನೆಯಲ್ಲಿ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.)

ಇನ್ನು ಒಂಟಿ ಆಟ. ಅದೊಂದೇ ಕಾರಣಕ್ಕೆ ಗಾಬರಿಪಡಬೇಡಿ ಎಂದು ಅಕ್ಕನಿಗೆ ಹೇಳಿದೆ. ಇದೇ ಆಟದ ಮೇಲೆ ಅಮೆರಿಕದ ಸಂಶೋಧಕರಾದ ನಿಕೋಲಸ್ ಡುಶೆನೋ, ನಿಕ್ ಯೀ ಮತ್ತು ಸಂಗಡಿಗರು 2006ರಲ್ಲೇ ಒಂದು ಅಧ್ಯಯನ ಪ್ರಕಟಿಸಿದ್ದರು. ಆಟಗಾರರು ಗುಂಪಿಗೆ ಸೇರದೆ ಕಳೆಯುವ ಹೊತ್ತು ಜಾಸ್ತಿ ಎಂದು ಅವರಿಗೆ ಕಂಡಿತು. ಸುತ್ತ ಜನ ಓಡಾಡುತ್ತಿರಬೇಕು, ಅವರನ್ನು ನೋಡಬೇಕು, ಅವರ ಕಣ್ಣಿಗೂ ಬೀಳಬೇಕು. ಹಲವರಿಗೆ ಅಷ್ಟೇ ಸಾಕು. ಜಾತ್ರೆಗೆ ಒಬ್ಬರೇ ಹೋಗಿ ಸುತ್ತಾಡಿ ಬರುತ್ತೇವಲ್ಲ, ಹಾಗೆ.

ಆದರೆ ಈತ ಒಂಟಿಯಾದದ್ದು ಹೇಗೆ ಎಂದು ಕೇಳಿದಾಗ ಬೇರೆಯೇ ಕಥೆ ಬಂತು. ಮೊದಲು ಯುರೋಪಿನ ಒಂದು ಗಿಲ್ಡ್‌ನಲ್ಲಿ (ಒಟ್ಟಿಗೆ ಆಡುವವರ ಸಂಘ) ಹೀಲರ್ ಆಗಿದ್ದ, ಅಂದರೆ ಆಟದಲ್ಲಿ ಗಾಯಗೊಂಡ ಜೊತೆಗಾರರನ್ನು ಗುಣಪಡಿಸಿ ಬದುಕಿಸುವವನು. ರೇಡ್ ಅಂದರೆ ದೊಡ್ಡ ಶತ್ರುಗಳ ಮೇಲೆ ಗುಂಪಿನ ದಾಳಿ. ಅತಿ ಕಷ್ಟದ ಮಿಥಿಕ್ ರೇಡ್‌ಗೆ 20 ಜನರ ತಂಡ ಬೇಕು. ಒಬ್ಬ ತಪ್ಪಿಸಿಕೊಂಡರೂ ಉಳಿದವರಿಗೆ ತೊಂದರೆ. ಅವರಿಗೆ ರಾತ್ರಿ ಎಂಟು ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಹೀಲರ್ ಕೆಲಸವೂ ಸುಲಭದ್ದಲ್ಲ. ಎಲ್ಲರೂ ಬದುಕಿದ್ದಾಗ ಯಾರೂ ಅವನನ್ನು ಗಮನಿಸುವುದಿಲ್ಲ. ಯಾರಾದರೂ ಸತ್ತರೆ ಎಲ್ಲರ ಕಣ್ಣೂ ಅವನ ಮೇಲೆಯೇ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಒಂದು ಕ್ಷಣ ತಡಮಾಡಿದ, ಇಡೀ ತಂಡ ವೈಪ್ ಆಯಿತು, ಅಂದರೆ ಆಟದಲ್ಲಿ ಎಲ್ಲರೂ ಸತ್ತರು. ಲೀಡರ್ ವಾಯ್ಸ್ ಚಾಟ್‌ನಲ್ಲಿ ಎಲ್ಲರೆದುರು ಹೆಸರು ಹಿಡಿದು ಬೈದ. ಮರುದಿನ ಈತ ಯಾರಿಗೂ ಹೇಳದೆ ಗಿಲ್ಡ್ ಬಿಟ್ಟ.

"ಈಗ ಯಾರಾದ್ರೂ ಗುಂಪಿಗೆ ಕರೆದ್ರೆ ಏನಾಗುತ್ತೆ?" ಎಂದು ಕೇಳಿದೆ. "ಎದೆ ಹೊಡ್ಕೊಳ್ಳುತ್ತೆ. ಲಾಗೌಟ್ ಮಾಡ್ತೀನಿ."

ಈ ಉತ್ತರ ನನಗೆ ಮುಖ್ಯವಾಯಿತು. ಸಂಜೆ ಆಟದ ಕೆರೆಯಲ್ಲಿ ಮೀನು ಹಿಡಿಯುತ್ತಾ, ಗಿಡಮೂಲಿಕೆ ಕೀಳುತ್ತಾ ಕೂರುವುದು ಆತನಿಗೆ ನಿಜವಾಗಿ ಇಷ್ಟ, ಅದರಿಂದ ಮನಸ್ಸು ಹಗುರವಾಗುತ್ತದೆ. ಕರೆದವರಿಂದ ಓಡುವುದು ಇಷ್ಟವಲ್ಲ, ಭಯ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆಫೀಸಿನ ಬಗ್ಗೆ ಕೇಳಿದೆ. ಮೀಟಿಂಗ್‌ಗಳಲ್ಲೂ ಮಾತು ನಿಂತಿತ್ತು, ಸರಿಸುಮಾರು ಅದೇ ಹೊತ್ತಿನಿಂದ.

ಅಕ್ಕನಿಗೆ ಹೇಳಿದ್ದು: "ಯಾರ ಜೊತೆ ಆಡ್ತಿದೀಯ" ಎಂದು ದಿನಾ ವಿಚಾರಿಸಬೇಡಿ. ಒಂದು ದಿನ ಪಕ್ಕ ಕುಳಿತು, ಏನಿದು ತೋರಿಸು ಅನ್ನಿ.

ತಮ್ಮನಿಗೆ ಹೇಳಿದ್ದು ಜಾಸ್ತಿ. ಒಂಟಿ ಆಟ ಬಿಡಬೇಡಿ, ಅದು ನಿಮ್ಮ ವಿಶ್ರಾಂತಿ. ಬೆಳಿಗ್ಗೆ ಆಫೀಸ್ ಇರುವವರಿಗೆ ನಡುರಾತ್ರಿಯ ರೇಡ್ ಒಗ್ಗುವುದಿಲ್ಲ, ಅದಕ್ಕೆ ಮರಳಬೇಡಿ. ಆದರೆ ಭಯವನ್ನು ಹಾಗೇ ಬಿಟ್ಟರೆ ಬೆಳೆಯುತ್ತದೆ. ಡಂಜನ್ ಅಂದರೆ ಆಟದಲ್ಲಿ ಸಣ್ಣ ತಂಡ ಒಳಹೊಕ್ಕು ಶತ್ರುಗಳನ್ನು ಎದುರಿಸುವ ಜಾಗ. 2024ರಲ್ಲಿ ಬಂದ ಫಾಲೋವರ್ ಡಂಜನ್‌ಗಳಲ್ಲಿ ಜೊತೆಗಾರರನ್ನು ಕಂಪ್ಯೂಟರೇ ನಡೆಸುತ್ತದೆ. ಮೊದಲು ಅಲ್ಲಿ ಹೀಲರ್ ಆಗಿ. ತಪ್ಪಿದರೆ ಬೈಯುವವರಿಲ್ಲ. ಆಮೇಲೆ ಪರಿಚಯದ ಒಬ್ಬರ ಜೊತೆ ಐದು ಜನರ ಸಾಮಾನ್ಯ ಡಂಜನ್‌ಗೆ ಹೋಗಿ. ಶುರುವಿನಲ್ಲೇ "ತುಂಬಾ ದಿನ ಆಯ್ತು, ತಪ್ಪಾಗಬಹುದು" ಎಂದು ಟೈಪ್ ಮಾಡಿ. ಎದೆ ಹೊಡೆದುಕೊಂಡರೂ ಮುಗಿಯುವವರೆಗೆ ಇರಿ, ಆ ಬಡಿತ ತಾನಾಗಿ ಇಳಿಯುವುದನ್ನು ನೋಡಿ. ಹಳೆಯ ಗಿಲ್ಡ್‌ಗೆ ಬರೆಯಬೇಕೆನಿಸಿದರೆ ಹೇಳದೆ ಬಿಟ್ಟದ್ದಕ್ಕೆ ಮಾತ್ರ ಕ್ಷಮೆ ಕೇಳಿ. ನಿದ್ದೆ ಬಂದದ್ದಕ್ಕೆ ಕೇಳಬೇಕಿಲ್ಲ.

ಎರಡನೇ ಹೆಜ್ಜೆಯಲ್ಲಿ ಒಮ್ಮೆ ತಂಡ ಮತ್ತೆ ವೈಪ್ ಆಯಿತು. ಒಬ್ಬ ಆಟಗಾರ ಸಿಟ್ಟಿನಿಂದ ಬಿಟ್ಟುಹೋದ. ಈತ ಉಳಿದ, ಹೊಸಬನೊಬ್ಬ ಸೇರಿಕೊಂಡ, ಡಂಜನ್ ಮುಗಿಯಿತು. ಅದನ್ನು ಹೇಳುವಾಗ ಆತನ ಮುಖ ನೋಡಿ ನನಗೂ ಖುಷಿಯಾಯಿತು.

ಈಗಲೂ ಹೆಚ್ಚಿನ ಸಂಜೆ ಒಬ್ಬನೇ ಆಡುತ್ತಾನೆ. ಗಿಲ್ಡ್‌ಗೆ ಪತ್ರ ಬರೆದಿಲ್ಲ. ಮೀಟಿಂಗ್‌ನ ಮೊದಲ ಹತ್ತು ನಿಮಿಷದೊಳಗೆ ಒಂದು ವಾಕ್ಯವಾದರೂ ಆಡುವುದು ಇನ್ನೂ ಕಷ್ಟವಾಗುತ್ತಿದೆ. ಮುಂದಿನ ಭೇಟಿಗಳಲ್ಲಿ ಅದರ ಮೇಲೆ ಕೆಲಸ ಮಾಡುತ್ತೇವೆ.