ಮಿಯಾಟಾ ಇಂಜಿನ್ ಮನೆಯಲ್ಲೇ ಇಳಿಸಬಹುದಾ?

ಪ್ರಶ್ನೆ: ನಾನು ಅಮೆರಿಕದ ಒಹಾಯೋದಲ್ಲಿದ್ದೇನೆ. 1990ರ ಮಾಡೆಲ್ ಮಾಜ್ದಾ ಮಿಯಾಟಾ ಕೊಂಡಿದ್ದೇನೆ, 1.6 ಲೀಟರ್ ಇಂಜಿನ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬರುತ್ತದೆ, ಇಂಜಿನ್ ಹಿಂಭಾಗದಲ್ಲಿ ಆಯಿಲ್ ಲೀಕ್ ಇದೆ. ಇಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡೋಣ ಅಂತ ಆಸೆ. ಆಯಿಲ್, ಬ್ರೇಕ್ ಪ್ಯಾಡ್ ಬದಲಾಯಿಸಿದ್ದು ಬಿಟ್ಟರೆ ಅನುಭವ ಇಲ್ಲ. ಮನೆ ಗ್ಯಾರೇಜಿನಲ್ಲಿ ಆಗುತ್ತಾ?

ಉತ್ತರ: ಆಗುತ್ತದೆ. ಮೊದಲ ಸಲ ಇಂಜಿನ್ ಇಳಿಸುವವರಿಗೆ ಇದಕ್ಕಿಂತ ಒಳ್ಳೆ ಸ್ಪೋರ್ಟ್ಸ್ ಕಾರ್ ಸಿಗುವುದು ಕಷ್ಟ. ಇಂಜಿನ್ ಉದ್ದಕ್ಕೆ ಕೂತಿದೆ. ಹಿಂದಿನ ಚಕ್ರ ಎಳೆಯುವ ಗಾಡಿಯಾದ್ದರಿಂದ ಮುಂದೆ ಆಕ್ಸಲ್ ಬಿಚ್ಚುವ ರಗಳೆ ಇಲ್ಲ. ಎಲ್ಲಾ ಮೇಲಿನಿಂದಲೇ ಹೊರಗೆ ಬರುತ್ತದೆ. ಅದೇ ಪೋರ್ಷ 911 ಆಗಿದ್ದರೆ ಗಾಡಿಯನ್ನು ಎತ್ತರಕ್ಕೆ ಏರಿಸಿ, ಇಂಜಿನ್ ಕೆಳಗಡೆಯಿಂದ ಇಳಿಸಬೇಕಿತ್ತು.

ಆದರೆ ನೀವು ಹೇಳಿದ ಎರಡು ತೊಂದರೆಗೂ ಇಂಜಿನ್ ಇಳಿಸಲೇಬೇಕಾ ಅಂತ ಮೊದಲು ನೋಡಿ. ಈ ಗಾಡಿಯ ಟ್ಯಾಪೆಟ್ ಸೌಂಡ್ ಹೆಸರುವಾಸಿ. ಒಳಗಿರುವುದು ಹೈಡ್ರಾಲಿಕ್ ಟ್ಯಾಪೆಟ್, ಅಂದರೆ ಆಯಿಲ್ ಒತ್ತಡದಿಂದ ಸಡಿಲು ತುಂಬಿಕೊಂಡು ವಾಲ್ವ್ ತಳ್ಳುವ ಭಾಗ. ಆಯಿಲ್ ಹಳೆಯದಾಗಿ ಕೊಳೆ ಕೂತರೆ, ಅದರೊಳಗೆ ಆಯಿಲ್ ತುಂಬುವವರೆಗೆ ಟಿಕ್ ಟಿಕ್ ಅನ್ನುತ್ತದೆ. ಒಳ್ಳೆ ಆಯಿಲ್ ಹಾಕಿ ಸ್ವಲ್ಪ ದಿನ ಓಡಿಸಿ, ಎಷ್ಟೋ ಸಲ ಅಷ್ಟರಲ್ಲೇ ಕಡಿಮೆಯಾಗುತ್ತದೆ. ಇನ್ನು ಹಿಂಭಾಗದ ಲೀಕ್. ಇಂಜಿನ್ ಮೇಲ್ಭಾಗದ ಹೆಡ್‌ನ ಹಿಂತುದಿಯಲ್ಲಿ ಕ್ಯಾಮ್ ಆಂಗಲ್ ಸೆನ್ಸರ್ ಅಂತ ಒಂದಿದೆ. ಅದರ ರಬ್ಬರ್ ರಿಂಗ್ ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗಿ, ಆಯಿಲ್ ಇಂಜಿನ್ ಹಿಂದಿನಿಂದ ಗೇರ್‌ಬಾಕ್ಸ್ ಮೇಲೆ ಇಳಿಯುತ್ತದೆ. ಕೆಳಗಿಂದ ನೋಡಿದವರಿಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಹಿಂದಿನ ಸೀಲ್ ಹೋಗಿದೆ ಅಂತಲೇ ಕಾಣುತ್ತದೆ. ಚೆನ್ನಾಗಿ ಒರೆಸಿ, ಗಾಡಿ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ನೋಡಿ. ರಿಂಗ್‌ಗೆ ಪುಡಿಗಾಸು ಸಾಕು.

ಜೊತೆಗೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗಿನ ಒತ್ತಡದ ಪರೀಕ್ಷೆ ಮಾಡಿ. ಗೇಜ್ ಕೊಳ್ಳಬೇಕಿಲ್ಲ. ಆಟೋಜೋನ್, ಓ'ರೈಲಿಯಂಥ ಬಿಡಿಭಾಗದ ಅಂಗಡಿಯಲ್ಲಿ ಡೆಪಾಸಿಟ್ ಕಟ್ಟಿದರೆ ಕೊಡುತ್ತಾರೆ, ವಾಪಸ್ ಕೊಟ್ಟಾಗ ದುಡ್ಡು ಸಿಗುತ್ತದೆ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ತೋರಿಸಬೇಕು. ಒಂದು ತೀರಾ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ಹೆಡ್ ಕೆಲಸಕ್ಕೆ ಇಂಜಿನ್ ಇಳಿಸಬೇಕಿಲ್ಲ.

ನಿಮ್ಮದು 1990ರ ಗಾಡಿ, ಹಾಗಾಗಿ ಇನ್ನೊಂದು ನೋಡಲೇಬೇಕು. 1991ರ ಮಧ್ಯದವರೆಗೆ ಬಂದ ಇಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ಮೂತಿ, ಅಂದರೆ ಪುಲ್ಲಿ ಕೂರುವ ಮುಂತುದಿ, ಗಿಡ್ಡ. ಅಲ್ಲಿನ ಬೋಲ್ಟ್ ಸಡಿಲಾದರೆ, ಪುಲ್ಲಿ ಜಾರದಂತೆ ಹಿಡಿಯುವ ಕೀ ಎಂಬ ಲೋಹದ ತುಂಡು ಕೂರುವ ಕಚ್ಚೇ ಸವೆದುಹೋಗುತ್ತದೆ. ಮುಂದಿನ ಪುಲ್ಲಿಯಲ್ಲಿ ನಾಲ್ಕು ಸೀಳು ಇದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದದ್ದು. ಇಂಜಿನ್ ಚಾಲೂ ಇಟ್ಟು ಪುಲ್ಲಿ ನೇರವಾಗಿ ನೋಡಿ. ಓಲಾಡುತ್ತಿದ್ದರೆ ಇಂಜಿನ್ ಇಳಿಸುವುದಕ್ಕೆ ನಿಜವಾದ ಕಾರಣ ಸಿಕ್ಕಿತು.

ಸರಿ, ಇಳಿಸುವುದೇ ಅಂತಾಯಿತು. ಗೇರ್‌ಬಾಕ್ಸ್ ಸಮೇತ ಇಳಿಸಿ. ಇದು ನನ್ನ ಗಟ್ಟಿ ಅಭಿಪ್ರಾಯ. ಒಂಟಿ ಇಂಜಿನ್ ಹಗುರ ಅಂತ ತುಂಬಾ ಜನ ಅದನ್ನಷ್ಟೇ ತೆಗೆಯಲು ಹೋಗುತ್ತಾರೆ. ಆಗ ಗೇರ್‌ಬಾಕ್ಸ್ ಮೇಲ್ಗಡೆಯ ಬೋಲ್ಟು, ಸ್ಟಾರ್ಟರ್ ಮೋಟರ್‌ನ ಮೇಲಿನ ಬೋಲ್ಟು ಗಾಡಿಯಡಿ ಮಲಗಿ, ಉದ್ದುದ್ದ ಎಕ್ಸ್‌ಟೆನ್ಷನ್ ಜೋಡಿಸಿ, ಕಣ್ಣಿಗೆ ಕಾಣದೆ ಬಿಚ್ಚಬೇಕು. ವಾಪಸ್ ಜೋಡಿಸುವಾಗ ಇನ್ನೂ ಕಷ್ಟ. ಎರಡೂ ಒಟ್ಟಿಗೆ ಹೊರಬಂದರೆ ನೆಲದ ಮೇಲೆ ಆರಾಮಾಗಿ ಬೇರೆ ಮಾಡಬಹುದು.

ಮೊದಲು ಪೆಟ್ರೋಲ್ ಒತ್ತಡ ಇಳಿಸಿ. ಇಂಜಿನ್ ಚಾಲೂ ಇರುವಾಗ ಡ್ಯಾಶ್ ಕೆಳಗಿನ ಫ್ಯುಯೆಲ್ ಪಂಪ್ ರಿಲೇ ಕಳಚಿದರೆ ತಾನಾಗೇ ನಿಲ್ಲುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿದೆ, ಅದರ ವೈರ್ ತೆಗೆಯಿರಿ. ಬಾನೆಟ್, ರೇಡಿಯೇಟರ್ ತೆಗೆಯುವುದು ಸುಲಭ. ಎಸಿ ಕಂಪ್ರೆಸರ್‌ನ ಗ್ಯಾಸ್ ಪೈಪ್ ಮುಟ್ಟಬೇಡಿ. ಗ್ಯಾಸ್ ಗಾಳಿಗೆ ಬಿಡುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ. ಬೋಲ್ಟ್ ತೆಗೆದು ಕಂಪ್ರೆಸರನ್ನು ಪಕ್ಕಕ್ಕೆ ಕಟ್ಟಿ ನಿಲ್ಲಿಸಿ. ಪವರ್ ಸ್ಟೀರಿಂಗ್ ಪಂಪ್ ಇದ್ದರೆ ಅದಕ್ಕೂ ಹಾಗೇ.

ಇಂಜಿನ್ ಹಿಂದೆ ಫೈರ್‌ವಾಲ್ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಹತ್ತಿರ ಎರಡು ಹೀಟರ್ ಹೋಸ್ ಇವೆ. ಇಷ್ಟು ವರ್ಷದಲ್ಲಿ ರಬ್ಬರ್ ಪೈಪಿಗೆ ಅಂಟಿಕೊಂಡಿರುತ್ತದೆ. ಜಗ್ಗಾಡಿದರೆ ಹೀಟರ್ ಕೋರ್‌ನ ಪೈಪ್ ಬಾಗುತ್ತದೆ, ಆಮೇಲೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ. ಬ್ಲೇಡಿನಿಂದ ಹೋಸನ್ನು ಉದ್ದಕ್ಕೆ ಮೆಲ್ಲಗೆ ಸೀಳಿ, ಬಿಡಿಸಿ ತೆಗೆಯಿರಿ. ಹೊಸ ಹೋಸ್ ಹೇಗೂ ಹಾಕಬೇಕು ಅಲ್ವಾ?

ಕೆಳಗಡೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದನೆಯ ಅಲ್ಯುಮಿನಿಯಂ ಚೌಕಟ್ಟು ಇದೆ. ಮಾಜ್ದಾ ಇದಕ್ಕೆ ಪವರ್ ಪ್ಲಾಂಟ್ ಫ್ರೇಮ್ ಅಂತ ಹೆಸರಿಟ್ಟಿದೆ. ಗೇರ್‌ಬಾಕ್ಸಿನ ಬಾಲವನ್ನು ಹಿಡಿದಿರುವುದು ಇದೇ. ಕೆಳಗೆ ಜಾಕಿ ಕೊಡದೆ ಇದರ ಬೋಲ್ಟ್ ಬಿಚ್ಚಿದರೆ ಗೇರ್‌ಬಾಕ್ಸ್ ಜೋತುಬೀಳುತ್ತದೆ. ವಾಪಸ್ ಹಾಕುವಾಗ ಇದರ ಎತ್ತರಕ್ಕೆ ಮ್ಯಾನ್ಯುಯಲ್‌ನಲ್ಲಿ ಅಳತೆ ಕೊಟ್ಟಿದ್ದಾರೆ, ಅಂದಾಜಿಗೆ ಬಿಗಿಯಬೇಡಿ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಜೋಡಣೆಗೆ (ಫ್ಲಾಂಜ್) ಪೇಂಟ್ ಗುರುತು ಹಾಕಿ ಬಿಚ್ಚಿ. ಶಾಫ್ಟ್ ಎಳೆದ ಕೂಡಲೇ ಗೇರ್ ಆಯಿಲ್ ಸುರಿಯುತ್ತದೆ, ಬಾಲಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ. ಗೇರ್ ಲಿವರ್ ಒಳಗಿಂದ ತೆಗೆಯಬೇಕು, ಮರೆತರೆ ಇಂಜಿನ್ ಅಲ್ಲಾಡಲ್ಲ. ಕ್ಲಚ್ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡಿ, ಪೈಪ್ ಕಳಚುವುದು ಬೇಡ.

ಬಿಚ್ಚಿದ ಪ್ರತಿ ವೈರ್ ಸಾಕೆಟ್ಟಿಗೂ ಟೇಪ್ ಅಂಟಿಸಿ ಹೆಸರು ಬರೆಯಿರಿ. ಫೋಟೋ ತೆಗೆದಿದ್ದೇನೆ ಅಂತ ಸುಮ್ನೆ ಇರಬೇಡಿ. ತಿಂಗಳು ಕಳೆದ ಮೇಲೆ ಫೋಟೋದಲ್ಲಿ ಎಲ್ಲಾ ಕಪ್ಪು ವೈರೂ ಒಂದೇ ಥರ ಕಾಣುತ್ತವೆ.

ಇಂಜಿನ್ ಹಾಯ್ಸ್ಟಿನಿಂದ (ಚಕ್ರವಿರುವ ಎತ್ತುವ ಸ್ಟ್ಯಾಂಡ್) ಎತ್ತುವಾಗ ಲೋಡ್ ಲೆವೆಲರ್ ಬೇಕು, ಅದು ನೇತಾಡುವ ಇಂಜಿನ್‌ನ ಓರೆ ಹೊಂದಿಸುವ ಸಾಧನ. ಗೇರ್‌ಬಾಕ್ಸ್ ಬಾಲ ಕೆಳಗೆ, ಇಂಜಿನ್ ಮೂತಿ ಮೇಲೆ ಬರುವಂತೆ ಓರೆ ಮಾಡಬೇಕು. ಒಂದಿಂಚು ಎತ್ತಿ, ನಿಲ್ಲಿಸಿ. ಸುತ್ತ ನೋಡಿ. ಯಾವುದಾದರೂ ವೈರೋ ಪೈಪೋ ಬಿಗಿದುಕೊಂಡಿದೆಯಾ? ಹಿಂದಿನ ಅರ್ಥ್ ವೈರ್ ಉಳಿದುಬಿಡುವುದು ಜಾಸ್ತಿ. ಕ್ಯಾಮ್ ಸೆನ್ಸರ್ ಫೈರ್‌ವಾಲ್‌ಗೆ ತಾಗದಂತೆ ಒಬ್ಬರು ನೋಡುತ್ತಿರಲಿ. ಇಂಜಿನ್ ಹೊರಬಂದ ತಕ್ಷಣ ನೆಲದ ಹತ್ತಿರಕ್ಕೆ ಇಳಿಸಿ, ಆಮೇಲೆ ತಳ್ಳಿ. ಎತ್ತರದಲ್ಲಿಟ್ಟು ತಳ್ಳಿದರೆ ಹಾಯ್ಸ್ಟ್ ಮಗುಚಬಹುದು.

ಪ್ರಶ್ನೆ: ಊರಲ್ಲಿ ಗ್ಯಾರೇಜಿನವರು ಚೈನ್ ಪುಲ್ಲಿ ಹಾಕಿ ಇಂಜಿನ್ ಎತ್ತುವುದು ನೋಡಿದ್ದೇನೆ. ಇಲ್ಲಿ ನನ್ನ ಗ್ಯಾರೇಜಿನ ಛಾವಣಿಯ ಮರದ ತೊಲೆಗೆ ಕಟ್ಟಬಹುದಾ?

ಉತ್ತರ: ದಯವಿಟ್ಟು ಬೇಡ. ಊರಿನ ಗ್ಯಾರೇಜಿನವರು ಕಬ್ಬಿಣದ ಗರ್ಡರಿಗೋ ದಪ್ಪ ಪೈಪಿನ ಮೂರು ಕಾಲಿನ ಸ್ಟ್ಯಾಂಡಿಗೋ ಪುಲ್ಲಿ ಕಟ್ಟುತ್ತಾರೆ. ಅಮೆರಿಕದ ಮನೆ ಗ್ಯಾರೇಜಿನ ಛಾವಣಿ ಸಣ್ಣ ಮರದ ಪಟ್ಟಿಗಳಿಂದ ಮಾಡಿದ್ದು. ಮೇಲಿನ ಹಿಮದ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ, ಒಂದೇ ಜಾಗದಲ್ಲಿ ಕೆಳಗಿಂದ ಜಗ್ಗುವ ಭಾರಕ್ಕಲ್ಲ. ಗೇರ್‌ಬಾಕ್ಸ್ ಸೇರಿ 150 ಕೆಜಿಗೂ ಜಾಸ್ತಿ ನೇತಾಡುತ್ತದೆ. ಮಡಚುವ ಇಂಜಿನ್ ಹಾಯ್ಸ್ಟ್ ಬಾಡಿಗೆಗೆ ತನ್ನಿ. 2 ಟನ್ ಅಂತ ಬರೆದಿದ್ದರೂ ಅದು ತೋಳು ಗಿಡ್ಡ ಇದ್ದಾಗಿನ ಲೆಕ್ಕ. ತೋಳು ಎಳೆದಷ್ಟೂ ಶಕ್ತಿ ಇಳಿಯುತ್ತದೆ, ತೋಳಿನ ಪ್ರತಿ ತೂತಿನ ಹತ್ತಿರವೂ ಅಂಕಿ ಬರೆದಿರುತ್ತದೆ, ನೋಡಿಕೊಳ್ಳಿ. ಗಾಡಿಯಡಿ ಹೋಗುವಾಗ ಜಾಕಿ ನಂಬಬೇಡಿ. ಜಾಕ್ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೇ ಮಲಗಿ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಗು, ನಾಯಿ ಇದೆ. ಏನಾದರೂ ಎಚ್ಚರಿಕೆ?

ಉತ್ತರ: ಕೂಲೆಂಟ್, ಅಂದರೆ ರೇಡಿಯೇಟರಿನಲ್ಲಿರುವ ಇಂಜಿನ್ ತಂಪು ಮಾಡುವ ದ್ರವ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಸ್ವಲ್ಪ ನೆಕ್ಕಿದರೂ ನಾಯಿಯ ಕಿಡ್ನಿ ಹೋಗಬಹುದು. ಅಗಲವಾದ ತಟ್ಟೆ ಇಟ್ಟು ಹಿಡಿಯಿರಿ, ಕೂಡಲೇ ಮುಚ್ಚಳವಿರುವ ಡಬ್ಬಕ್ಕೆ ತುಂಬಿ, ನೆಲಕ್ಕೆ ಚೆಲ್ಲಿದ್ದನ್ನು ನೀರು ಹಾಕಿ ತೊಳೆದು ಒರೆಸಿ. ಹಳೇ ಇಂಜಿನ್ ಆಯಿಲ್ಲನ್ನು ಬಿಡಿಭಾಗದ ಅಂಗಡಿಗಳು ಪುಕ್ಕಟೆ ತಗೊಳ್ಳುತ್ತವೆ, ಆದರೆ ಅದಕ್ಕೆ ಕೂಲೆಂಟ್ ಬೆರೆಸಿದ್ದರೆ ತಗೊಳ್ಳಲ್ಲ. ಎರಡಕ್ಕೂ ಬೇರೆ ಬೇರೆ ಡಬ್ಬ ಇಟ್ಟು, ಹೆಸರು ಬರೆದು, ಮಗುವಿನ ಕೈಗೆ ಸಿಗದಷ್ಟು ಎತ್ತರದಲ್ಲಿಡಿ.