ಇದ್ದಕ್ಕಿದ್ದಂಗೆ ಕೆಲಸ ಹೋದಾಗ ಮನಸ್ಸು ಗಟ್ಟಿ ಇಟ್ಕೊಳ್ಳೋದು ಹೆಂಗೆ?

ಆರು ವರ್ಷ ದುಡಿದಿದ್ದ ಬೆಂಗಳೂರಿನ ಕಂಪ್ನಿಯವ್ರು ಒಂದಿನ ನನ್ನನ್ನ ಕರ್ದು ನಾಳೆಯಿಂದ ಬರಬೇಡಿ ಅಂದ್ಬಿಟ್ರು, ದಾವಣಗೆರೆಗೆ ಬಂದು ಮನೇಲಿ ರಜ ಅಂತ ಸುಳ್ಳು ಹೇಳಿ ಹದಿನೈದು ದಿನ ಒಳಗೊಳಗೇ ಬೆಂದೆ. ನೀವು ಹಂಗ್ ಮಾಡ್ಬೇಡ್ರಿ, ಮೊದ್ಲು ಮನೆಯವ್ರಿಗೆ ಹೇಳ್ರಿ.

ದುಡ್ಡಿನ ಲೆಕ್ಕ ಹಾಕಿದ್ರೆ ಅರ್ಧ ಭಯ ಕಮ್ಮಿ ಆಗ್ತೈತಿ. 5 ವರ್ಷ ಪೂರ್ತಿ ಆಗಿದ್ರೆ ವರ್ಷಕ್ಕೆ 15 ದಿನದ ಸಂಬಳದಂಗೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಟ್ಟಾಗ ಕಂಪ್ನಿ ಕೊಡೋ ಇಡಿಗಂಟು, 30 ದಿನದೊಳಗೆ ಕೊಡ್ಬೇಕು, ಕೇಳಿ ತಗೊಳ್ರಿ, ಪಿಎಫ್ ಮಾತ್ರ ಆತುರಕ್ಕೆ ಬಿಡಿಸ್ಬೇಡ್ರಿ.

ಇಲ್ಲಿ ಕಾಟನ್ ಮಿಲ್ಲುಗಳು ಮುಚ್ಚಿದಾಗ ನಮ್ಮಪ್ಪನ ಕೆಲಸಾನೂ ಹೋಗಿತ್ತು, ಮಂಡಕ್ಕಿ ಭಟ್ಟೀಲಿ ಚೀಲ ಹೊತ್ತು ನಮ್ಮನ್ನ ಓದಿಸಿದ್ರು. ನಾನು ಹೇಳಿದ್ಮೇಲೆ ಬೈಲೇ ಇಲ್ಲ, ಮರುದಿನ ಐದೂವರೆಗೆ ಎಬ್ಬಿಸಿ ಕುಂದುವಾಡ ಕೆರೆ ಏರಿ ಮೇಲೆ ನಡೆಸ್ಕೊಂಡು ಹೋದ್ರು, ಆಮೇಲೆ ದಿನಾ ಅದೇ. ಹಂಗೆ ನಡೀತಾ ಇದ್ದಾಗ್ಲೇ ಹಳೇ ಮ್ಯಾನೇಜರ್ ಒಬ್ರಿಗೆ ನಾಚಿಕೆ ಬಿಟ್ಟು ಫೋನ್ ಮಾಡಿದ್ದು.