ಜಾಹೀರಾತಿನ ಚಿತ್ರ ತಿದ್ದಿದ್ದೆಂದು ಗೊತ್ತಿದ್ದರೂ ನಮ್ಮ ದೇಹದ ಬಗ್ಗೆ ಕೀಳರಿಮೆ ಏಕೆ ಮೂಡುತ್ತದೆ?

ತಿದ್ದಿದ್ದೆಂಬ ಅರಿವು ಕೆಲಸ ಮಾಡುವ ಮೊದಲೇ, ಕಣ್ಣು ಚಿತ್ರದ ಮೇಲೆ ಬಿದ್ದ ಕ್ಷಣದಲ್ಲಿಯೇ, ಮನಸ್ಸು ಹೋಲಿಕೆಯನ್ನು ಮಾಡಿ ಮುಗಿಸಿರುತ್ತದೆ. ತನ್ನನ್ನು ಅಳೆದುಕೊಳ್ಳಲು ಖಚಿತವಾದ ಅಳತೆಗೋಲು ಸಿಗದಿದ್ದಾಗ ಮನುಷ್ಯ ಇತರರೊಂದಿಗೆ ಹೋಲಿಸಿಕೊಳ್ಳುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿಯೇ ವಿವರಿಸಿದ್ದರು. ಅಂದಕ್ಕೆ ಅಂಥ ಅಳತೆಗೋಲಿಲ್ಲ. ಹಾಗಾಗಿ ಪದೇ ಪದೇ ಕಾಣುವ ದೇಹಗಳನ್ನೇ ಮನಸ್ಸು ‘ಸಾಮಾನ್ಯ’ವೆಂದು ಇಟ್ಟುಕೊಳ್ಳುತ್ತದೆ, ಮತ್ತು ಅವು ಸಣ್ಣ ಸೊಂಟ, ಕಲೆಯಿಲ್ಲದ ಚರ್ಮದ ಕಡೆಗೆ ವಾಲಿದಷ್ಟೂ ಕನ್ನಡಿಯಲ್ಲಿ ಕಾಣುವ ದೇಹ ಕೊರತೆಯದೆನಿಸತೊಡಗುತ್ತದೆ.

ಫಿಜಿಯ ಉದಾಹರಣೆ ನನಗೆ ಅತ್ಯಂತ ಸ್ಪಷ್ಟವಾದದ್ದೆನಿಸುತ್ತದೆ. ತುಂಬಿದ ಮೈಯನ್ನು ಮೆಚ್ಚುತ್ತಿದ್ದ ಅಲ್ಲಿನ ಒಂದು ಪ್ರಾಂತಕ್ಕೆ 1995ರಲ್ಲಿ ಟಿವಿ ಬಂದಾಗ ಸಂಶೋಧಕಿ ಆ್ಯನ್ ಬೆಕರ್ ಮತ್ತು ಸಂಗಡಿಗರು ಶಾಲಾ ಹುಡುಗಿಯರನ್ನು ವಿಚಾರಿಸಿದರು: ತೂಕ ಇಳಿಸಲು ಬೇಕೆಂದೇ ವಾಂತಿ ಮಾಡುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಇನ್ನೊಂದು ಗುಂಪನ್ನು ಕೇಳಿದಾಗ ಆ ಪ್ರಮಾಣ ಶೇ. 11.3 ಆಗಿತ್ತು. (ಗುಂಪುಗಳು ಚಿಕ್ಕವಾಗಿದ್ದವು, ಟಿವಿಯೊಂದೇ ಕಾರಣವೆಂದು ಹೇಳಲಾಗದು.)

ಗಂಡಸರೂ ಇದರಿಂದ ಹೊರತಲ್ಲ, ಅವರ ಮುಂದಿಡುವ ಮಾದರಿ ಮಾತ್ರ ಉಬ್ಬಿದ ಸ್ನಾಯುಗಳದು.

ಫ್ರಾನ್ಸ್‌ನಲ್ಲಿ 2017ರಿಂದ, ರೂಪದರ್ಶಿಯ ಮೈಕಟ್ಟನ್ನು ತಿದ್ದಿದ ಜಾಹೀರಾತಿನ ಮೇಲೆ ‘ತಿದ್ದಿದ ಛಾಯಾಚಿತ್ರ’ ಎಂದು ನಮೂದಿಸುವುದು ಕಡ್ಡಾಯ. ಆದರೆ ಇಂಥ ಸೂಚನೆಗಳನ್ನು ಪರೀಕ್ಷಿಸಿದ ಹೆಚ್ಚಿನ ಅಧ್ಯಯನಗಳಲ್ಲಿ ನೋಡುಗರ ಅತೃಪ್ತಿ ಕಡಿಮೆಯಾದದ್ದು ಕಂಡುಬಂದಿಲ್ಲ. ಸೂಚನೆಯನ್ನು ಓದುವ ಹೊತ್ತಿಗೆ ಚಿತ್ರವನ್ನು ನೋಡಿ ಆಗಿರುತ್ತದೆ.